ದೊರೆ ಕಚ್ಚಿದ ಸೇಬು

ಮದ್ದೂರು–ಮಳವಳ್ಳಿ ಹಂದಿ ಸಾಕಣೆದಾರರ ಸಂಘದ ಸ್ಥಾಪಕ ಅಧ್ಯಕ್ಷರೂ, ಹಾಲಿ ಅಧ್ಯಕ್ಷರೂ, ಬೇರೆ ಯಾರೂ ನಿಲ್ಲದ ಕಾರಣ ಮುಂದಿನ ಅವಧಿಗೂ ಅಧ್ಯಕ್ಷರೂ, ಜೊತೆಗೆ ನನ್ನ ತಾಯಿಯ ಒಡಹುಟ್ಟಿದ ತಮ್ಮನೂ ಆಗಿರುವ ಶ್ರೀಮಾನ್ ಚಲುವರಾಜು ಅವರೇ; ಸಂಘದ ಕಾರ್ಯದರ್ಶಿಗಳೂ, ನನ್ನ ಬೆನ್ನ ಹಿಂದೆ ನೇತಾಡುತ್ತಿರುವ ಬ್ಯಾನರಿನ ಕರ್ತೃಗಳೂ ಆದ ಶ್ರೀ ಕೆಂಪಸಿದ್ದಯ್ಯನವರೇ; ಬರುತ್ತೇನೆಂದು ಹೇಳಿ ಬಾರದೆ ನಮ್ಮೆಲ್ಲರ ಸಮಯ ಉಳಿಸಿದ ಮುಖ್ಯ ಅತಿಥಿಗಳೇ; ಮುಂದಿನ ಸಾಲಿನಲ್ಲಿ ಕುಳಿತು ಈಗಲೇ ನನ್ನತ್ತ ಕಣ್ಣು ಬಿಡುತ್ತಿರುವ ನನ್ನ ತಾಯಿ ಶಿವನಂಜಮ್ಮನವರೇ; ಪಕ್ಕದ ಶಾಮಿಯಾನದಿಂದ ಬರುತ್ತಿರುವ ನಾಟಿಕೋಳಿ ಸಾರಿನ ವಾಸನೆಯನ್ನು ಸಹಿಸಿಕೊಂಡು ಶಿಸ್ತಾಗಿ ಕುಳಿತಿರುವ ಕಿರುಗಾವಲು ಸುತ್ತಮುತ್ತಲಿನ ಸಮಸ್ತ ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ. ಹಾರ ಹಾಕಿದ್ದೀರಿ. ಪೇಟ ತೊಡಿಸಿದ್ದೀರಿ, ಅದು ಕಿವಿಯ ಮೇಲೆ ಕುಳಿತಿರುವುದರಿಂದ ನಿಮ್ಮ ಚಪ್ಪಾಳೆ ನನಗೆ ಅರ್ಧವೇ ಕೇಳಿಸಿತು, ಪೂರ್ತಿ ಹೊಡೆದಿದ್ದೀರಿ ಎಂದು ನಂಬಿದ್ದೇನೆ. ಸನ್ಮಾನಿತರು ಎರಡು ಮಾತಾಡಬೇಕು ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದ್ದಾರೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಎರಡು ಮಾತಿನ ಕೆಳಗೆ ಇನ್ನೊಂದು ಸಾಲಿದೆ: ‘ಬೀರಮ್ಮನ ಹಂದಿಗಳ ಬಗ್ಗೆ ನಿರ್ಣಯ, ತದನಂತರ ಭೋಜನ.’ ಅಂದರೆ ನನ್ನ ಮಾತು ಮುಗಿಯದೆ ನಿರ್ಣಯವಿಲ್ಲ, ನಿರ್ಣಯವಾಗದೆ ಮುದ್ದೆಯಿಲ್ಲ. ಇಷ್ಟು ದೊಡ್ಡ ಅಧಿಕಾರ ನನ್ನ ಜೀವನದಲ್ಲಿ ಯಾರೂ ನನಗೆ ಕೊಟ್ಟಿರಲಿಲ್ಲ. ಅದಕ್ಕೆ ಮೊದಲು ಕೃತಜ್ಞತೆ.

ಈಗ ಬ್ಯಾನರಿನ ವಿಷಯಕ್ಕೆ ಬರೋಣ. ‘ಹಂದಿ ಜ್ವರಕ್ಕೆ ಔಷಧಿ ಕಂಡುಹಿಡಿದ ಮಂಡ್ಯದ ಹೆಮ್ಮೆಯ ಪುತ್ರಿ ಡಾ. ನಯನ ಅವರಿಗೆ ಹೃತ್ಪೂರ್ವಕ ಸನ್ಮಾನ.’ ಸಭಿಕರೇ, ನಾನು ಮಂಡ್ಯದವಳು ಎನ್ನುವುದು ನಿಜ. ಗುತ್ತಲಿನಲ್ಲಿ ನಮ್ಮ ಮನೆಯಿದೆ, ಬೇಕಾದರೆ ಬಂದು ನೋಡಬಹುದು. ಉಳಿದದ್ದು? ನಾನು ಇನ್ನೂ ಡಾಕ್ಟರ್ ಆಗಿಲ್ಲ, ಸಂಶೋಧನಾ ವಿದ್ಯಾರ್ಥಿನಿ. ಔಷಧಿ ಕಂಡುಹಿಡಿದಿಲ್ಲ, ಹಂದಿ ಜ್ವರಕ್ಕೆ ಔಷಧಿಯೇ ಇಲ್ಲ, ಬಾರದಂತೆ ತಡೆಯುವ ಲಸಿಕೆ ಇದೆ, ಅದನ್ನು ಕಂಡುಹಿಡಿದಾಗ ನಾನು ಹುಟ್ಟಿರಲಿಲ್ಲ. ಇದನ್ನೆಲ್ಲ ಫೋನಿನಲ್ಲಿ ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಹೇಳಿದ್ದು ಕೇಳಿ:

“ಔಸ್ದಿ ಅಂತ ಆಕುದ್ರೆ ಜನುಕ್ಕೆ ಅರ್ತಾಯ್ತದೆ ಕಣವ್ವ. ನೀನ್ ಏಳೋದ ಆಕುದ್ರೆ ಫ್ಲೆಕ್ಸ್ ಮಾಡೋನ್ಗೇ ಅರ್ತಾಗಕಿಲ್ಲ, ಆಮ್ಯಾಕೆ ಅವ್ನು ಏನಾರ ಬರ್ದ್‌ಬುಟ್ಟಾನು.”

ಹಾಗಾಗಿ ಅವನು ಏನಾದರೂ ಬರೆಯುವ ಮೊದಲೇ ಇವರೇ ಏನಾದರೂ ಬರೆದರು. ಬ್ಯಾನರಿನಲ್ಲಿ ನನ್ನ ಚಿತ್ರದ ಪಕ್ಕದಲ್ಲಿ ಇನ್ನೊಂದು ಚಿತ್ರವಿದೆ, ನನಗಿಂತ ಮೂರು ಪಟ್ಟು ದೊಡ್ಡದು. ಹೊರಗಿನಿಂದ ಬಂದವರಿಗೆ ಗೊತ್ತಿರಲಾರದು. ಅವನು ದೊರೆ. ನಮ್ಮ ಅಧ್ಯಕ್ಷರ ಫಾರಂನ ಬೀಜದ ಹಂದಿ. ಈಗ ಕೀರ್ತಿಶೇಷ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಮ್ಮ, ಕೈಸನ್ನೆ ಮಾಡಬೇಡ. ಆಮೇಲೆ ಬರುತ್ತೇನೆ ಎಂದೆನಲ್ಲ.

ಹಾಗಾದರೆ ನಾನು ಮಾಡಿದ್ದೇನು? ವಿಂಗಡಣೆ. ಅಷ್ಟೇ. ಎಷ್ಟು ಸಾರಿ ಹೇಳಲಿ, ವಿಂಗಡಣೆ. ನಿಮ್ಮ ಸತ್ತ ಹಂದಿಗಳ ಗುಲ್ಮದ ಚೂರುಗಳು ಐಸ್ ಡಬ್ಬಿಯಲ್ಲಿ ಬೆಂಗಳೂರಿನ ಲ್ಯಾಬಿಗೆ ಹೋದವು. ಅವುಗಳೊಳಗಿದ್ದ ವೈರಸ್ಸು ಯಾವ ಗುಂಪಿನದು, ಯಾವುದು ಯಾವುದಕ್ಕೆ ಹತ್ತಿರ ಎಂದು ನಾನು ನೋಡಿದೆ. ‘ಅದನ್ನು ಹೆಂಗೆ ನೋಡ್ತೀಯವ್ವ, ಅದಕ್ಕೆ ಮೂಗು ಕಣ್ಣು ಇರ್ತದಾ?’ ಎಂದು ಕೇಳಿದವರಿದ್ದಾರೆ. ಅವರಿಗಾಗಿ ಹೇಳುತ್ತೇನೆ, ಗಮನವಿಟ್ಟು ಕೇಳಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ಶಿವನಸಮುದ್ರದಲ್ಲಿ ಏನನ್ನು ಉತ್ಪಾದಿಸುತ್ತಾರೆ? ಮೊದಲ ಬೆಂಚಿನ ಹುಡುಗಿ, ಬಹುಶಃ ಬೆಳಿಗ್ಗೆ ಕಬ್ಬಿನ ಗಾಡಿಯ ಹಿಂದೆ ಬಂದಿದ್ದಳೋ ಏನೋ, ‘ಸಕ್ಕರೆ’ ಎಂದು ಬರೆದಳು. ಎರಡನೆಯ ಬೆಂಚೂ ಸಕ್ಕರೆ. ಮೂರನೆಯದೂ ಸಕ್ಕರೆ. ಕೊನೆಗೆ ಶಿವನಸಮುದ್ರದ್ದೇ ಆದ ಬ್ಲಫ್ಫಿನ ಪವರ್‌ಹೌಸಿನಲ್ಲಿ ಅಪ್ಪ ಕೆಲಸಕ್ಕಿದ್ದ, ರಜೆ ಬಂದರೆ ಅಲ್ಲಿನ ಕರೆಂಟಿನ ಕ್ವಾರ್ಟರ್ಸಿಗೇ ಹೋಗುತ್ತಿದ್ದ ಹುಡುಗಿ ಕೂಡ ಸಕ್ಕರೆ ಎಂದೇ ಬರೆದಿದ್ದಳು. ಆದರೆ ಕಿಟಕಿ ಪಕ್ಕದ ಸಾಲು ಮಾತ್ರ ‘ರೇಷ್ಮೆ’ ಎಂದು ಬರೆದಿತ್ತು. ಮೇಷ್ಟ್ರು ಏನೂ ವಿಚಾರಣೆ ಮಾಡಲಿಲ್ಲ. ಸಕ್ಕರೆಯವರು ಈ ಕಡೆ, ರೇಷ್ಮೆಯವರು ಆ ಕಡೆ ನಿಲ್ಲಿ ಎಂದರು. ಸಕ್ಕರೆ ರೇಷ್ಮೆಯಿಂದ ನಕಲಾಗಲಿಲ್ಲ, ರೇಷ್ಮೆ ಸಕ್ಕರೆಯಿಂದ ನಕಲಾಗಲಿಲ್ಲ ಎಂದು ಹೇಳಲು ಮೇಷ್ಟ್ರಿಗೆ ವಿಜ್ಞಾನ ಬೇಕಾಯಿತೇ?

ವೈರಸ್ಸೂ ಹೀಗೇ. ಒಳಗೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಉದ್ದ ಸಾಲು. ಹಂದಿಯಿಂದ ಹಂದಿಗೆ ಹೋಗುವಾಗ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ, ಅವಸರದಲ್ಲಿ ತಪ್ಪು ಮಾಡುತ್ತದೆ, ಆ ತಪ್ಪು ಮುಂದಿನ ನಕಲಿಗೂ ಹೋಗುತ್ತದೆ. ಒಂದೇ ತಪ್ಪು ಹೊತ್ತವು ವಂಶವೃಕ್ಷದ ಒಂದೇ ಕೊಂಬೆಯವು. ನಾನು ಸಾಲು ಓದಿದೆ, ತಪ್ಪು ನೋಡಿದೆ, ಸಕ್ಕರೆಯನ್ನು ಈ ಕಡೆ, ರೇಷ್ಮೆಯನ್ನು ಆ ಕಡೆ ನಿಲ್ಲಿಸಿದೆ. ಇಷ್ಟಕ್ಕೆ ಈ ಪೇಟ.

ಈ ವರ್ಷ ಕಿರುಗಾವಲಿನಿಂದ ಮದ್ದೂರಿನವರೆಗೆ ಸತ್ತ ನಿಮ್ಮೆಲ್ಲರ ಹಂದಿಗಳಲ್ಲಿ ಇದ್ದದ್ದು ಎರಡು ಪಾಯಿಂಟ್ ಎರಡು ಎಂಬ ಗುಂಪು. ಹೋದ ವರ್ಷ ನಾಲೆ ಏರಿಯ ಮೇಲೆ ಗೂಡು ಕಟ್ಟಿಕೊಂಡು ಕರಿ ಹಂದಿ ಸಾಕುವ ಬೀರಮ್ಮನ ಮನೆಯಲ್ಲಿ ಒಂದು ಹಂದಿ ಸತ್ತಿತ್ತು, ಈ ಜ್ವರ ಅಲ್ಲಿಂದಲೇ ಬಂತು ಎಂದು ನೀವೆಲ್ಲ ಹೇಳುತ್ತಿದ್ದಿರಿ. ಆ ಚೂರೂ ಲ್ಯಾಬಿನ ಫ್ರೀಜರಿನಲ್ಲಿತ್ತು. ಅದರಲ್ಲಿದ್ದದ್ದು ಒಂದು ಪಾಯಿಂಟ್ ಒಂದು. ಹಳೆಯ ಗುಂಪು, ಬೇರೆ ಕೊಂಬೆ. ಒಂದರಿಂದ ಇನ್ನೊಂದು ಒಂದು ವರ್ಷದಲ್ಲಿ ಹುಟ್ಟುವ ಮಾತೇ ಇಲ್ಲ. ಅಂದರೆ ಈ ಜ್ವರ ಬೀರಮ್ಮನ ಹಂದಿಯಿಂದ ಬಂದದ್ದಲ್ಲ.

ಇಷ್ಟು ವರದಿ ಕೊಟ್ಟು, ಇನ್ನು ಬೀರಮ್ಮನ ಮೇಲಿನ ಅಪವಾದ ತೊಲಗಿತು ಎಂದುಕೊಂಡು ನಾನು ಮಂಡ್ಯಕ್ಕೆ ಹೋಗಿ ನಿದ್ದೆ ಮಾಡಿದೆ. ಎಂಥ ದಡ್ಡಿ ನಾನು! ಮುಂದಿನ ವಾರ ಕಿರುಗಾವಲಿನ ಟೀ ಅಂಗಡಿಯಲ್ಲಿ ಕಿವಿಯಾರೆ ಕೇಳಿದ್ದು ಇದು:

“ನಿಂದು ಯಾವ್ದುಲಾ?”

“ನಮ್ದು ಎಲ್ಡು ಪಾಯಿಂಟ್ ಎಲ್ಡು ಕಣ್ಲಾ. ನಿಂದು?”

“ನಮ್ದೂ ಎಲ್ಡೇ. ಆ ಒಂದು ಪಾಯಿಂಟ್ ಒಂದು ಗಿಂದು ಎಲ್ಲ ನಾಲೆ ಏರಿ ಮ್ಯಾಗ್ಲೋರ್ದು, ನಮ್ಗಾಗಿ ಬರಕಿಲ್ಲ.”

ಸಭಿಕರೇ, ಹಂದಿ ಸತ್ತ ದುಃಖ ಎತ್ತ ಹೋಯಿತು? ದೊಡ್ಡ ಅಂಕಿಯ ವೈರಸ್ಸಿನಿಂದ ಸತ್ತಿತು ಎಂಬ ಹೆಮ್ಮೆ ಎಲ್ಲಿಂದ ಬಂತು? ಬರಿಗಣ್ಣಿಗೆ ಕಾಣದ ಒಂದು ವೈರಸ್ಸಿಗೆ ನೀವು ಒಂದೇ ವಾರದಲ್ಲಿ ಮೇಲುಕೀಳು ಕಂಡುಹಿಡಿದಿರಿ. ಮನೆದೇವರೊಂದು ಬಾಕಿ ಉಳಿಯಿತು. ಅದನ್ನೂ ಕಾರ್ಯದರ್ಶಿಗಳು ಪತ್ತೆ ಮಾಡುತ್ತಿರಬಹುದು. ನಾನು ಟೀ ಲೋಟ ಕೆಳಗಿಟ್ಟು, ಕೈಮುಗಿದು ಹೇಳಿದೆ: ಅಣ್ಣಂದಿರಾ, ಬೀರಮ್ಮನದು ಬೇರೆ ಗುಂಪು ಎಂದರೆ ಅವಳಿಂದ ನಿಮಗೆ ಬಂದಿಲ್ಲ ಎಂದರ್ಥ. ಅದಕ್ಕೆ ಕೆಂಪಸಿದ್ದಯ್ಯನವರು, ಇವರೇ, ಬಹಳ ಸಮಾಧಾನದಿಂದ ಹೇಳಿದರು:

“ನಾವೂ ಅದ್ನೇ ಕಣವ್ವ ಏಳ್ತಿರಾದು. ಆವಮ್ಮುಂದು ಬ್ಯಾರೆ ಅಂತ ನೀನೇ ಬರ್ದಿದ್ದೀಯ. ಬ್ಯಾರೆ ಆದ್ಮ್ಯಾಲೆ ಬ್ಯಾರೆನೇ ಇರ್ಲಿ. ಊರಾಚೆಗೆ ಓಗ್ಲಿ.”

ಆರು ವರ್ಷ ಓದಿದ್ದೇನೆ. ಈ ತರ್ಕಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ನಗಬೇಡಿ. ದಯವಿಟ್ಟು ನಗಬೇಡಿ, ನನಗೆ ಅಳು ಬರುತ್ತದೆ.

ಇನ್ನೊಂದು ತರ್ಕವೂ ಇದೆ. ‘ಎಲ್ರ ಅಂದೀನೂ ಸತ್ವು, ಆವಮ್ಮುಂದು ಮಾತ್ರ ಸಾಯ್ಲಿಲ್ಲ. ಅಂಗಾರೆ ಕಾಯ್ಲೆ ಯಾರ್ದು?’ ಈ ವರ್ಷ ಯಾರ ಹಂದಿಗೆ ಜ್ವರವೇ ಬರಲಿಲ್ಲವೋ ಅವಳದ್ದೇ ಜ್ವರ! ಹಾಗಾದರೆ ಮಂಡ್ಯದಲ್ಲಿ ಹಂದಿಯನ್ನೇ ಸಾಕದ ನನ್ನ ತಾಯಿಯದು ಇನ್ನೂ ದೊಡ್ಡ ಅಪರಾಧ.

ತಾಯಿಯ ಮಾತು ಬಂದದ್ದರಿಂದ ಒಂದು ವೈಯಕ್ತಿಕ ವಿಷಯ. ಹೋದ ತಿಂಗಳು ನನ್ನನ್ನು ನೋಡಲು ಗಂಡಿನ ಕಡೆಯವರು ಗುತ್ತಲಿಗೆ ಬಂದಿದ್ದರು. ಹುಡುಗಿ ಏನು ಓದುತ್ತಿದ್ದಾಳೆ ಎಂದರು. ಅಮ್ಮ ಸೆರಗು ಸರಿಮಾಡಿಕೊಂಡು, “ಕೃಸಿಗೆ ಸಂಬಂದ್‌ಪಟ್ಟುದ್ದು” ಎಂದಳು. ಹುಡುಗನ ಅಜ್ಜಿ ಬಿಡಲಿಲ್ಲ. “ಕೃಸಿ ಅಂದ್ರೆ ಬತ್ತವಾ, ಕಬ್ಬಾ?” ನಾನು ಅತ್ಯಂತ ವಿನಯದಿಂದ, ತಲೆ ತಗ್ಗಿಸಿ, “ಹಂದಿ” ಎಂದೆ. ಅಜ್ಜಿ ಲೋಟ ಕೆಳಗಿಟ್ಟ ಸದ್ದು ಇನ್ನೂ ಕಿವಿಯಲ್ಲಿದೆ. ಅಮ್ಮ, ತಲೆ ತಗ್ಗಿಸಬೇಡ. ಇಲ್ಲಿರುವವರೆಲ್ಲ ಹಂದಿಯವರೇ, ಇಲ್ಲಿ ಯಾರೂ ಲೋಟ ಕೆಳಗಿಡುವುದಿಲ್ಲ.

ನಮ್ಮ ಮನೆಯಲ್ಲಿ ಹಂದಿ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ‘ತಮ್ಮಂದು ಫಾರಂ ಇದೆ’ ಎನ್ನುವುದು. ಯಾವ ಫಾರಂ ಎಂದರೆ ‘ದೊಡ್ಡ ಫಾರಂ’. ಬೇಸಗೆ ರಜೆಗೆ ಮಾವನ ಮನೆಗೆ ಬಂದರೆ ಫಾರಂ ಕಡೆ ಹೋಗಬಾರದು, ಹೋದರೂ ಮಂಡ್ಯಕ್ಕೆ ಹಿಂತಿರುಗಿ ಹೇಳಬಾರದು. ನಾನು ಅಲ್ಲಿಂದ ತಪ್ಪಿಸಿಕೊಂಡು ನಾಲೆ ಏರಿಗೆ ಓಡುತ್ತಿದ್ದೆ. ಅಲ್ಲಿ ಬೀರಮ್ಮ ಮರಿಯೊಂದನ್ನು ನನ್ನ ಮಡಿಲಿಗೆ ಹಾಕಿ, “ಇಡ್ಕಳವ್ವ ದೊಡ್ಡೋರ್ ಮಗ್ಳೆ, ಕಚ್ಚಕಿಲ್ಲ, ಅದ್ಕೆ ನಿಮ್ಮನೆ ಯಾವ್ದು ಅಂತ ಗೊತ್ತಿಲ್ಲ” ಎನ್ನುತ್ತಿದ್ದಳು. ಆಗ ನನಗೆ ಆ ಮಾತಿನ ಚುಚ್ಚು ತಿಳಿಯಲಿಲ್ಲ. ಮರಿ ಬೆಚ್ಚಗಿತ್ತು. ಅದಷ್ಟೇ ತಿಳಿಯಿತು. ನಾನು ಹಂದಿಯನ್ನೇ ಓದಬೇಕು ಎಂದು ಹಠ ಹಿಡಿದದ್ದು ಯಾಕೆ ಎಂದು ಗೈಡು ಕೇಳಿದಾಗ ದೇಶದ ಆಹಾರ ಭದ್ರತೆ ಎಂದು ಹೇಳಿದ್ದೇನೆ. ಅದೂ ಇರಬಹುದು. ಹೋಗಲಿ, ಎಲ್ಲಿಂದ ಎಲ್ಲಿಗೋ ಹೋದೆ.

ದೊರೆ. ಹೌದು, ದೊರೆಯ ವಿಷಯಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದೆ.

ದೊರೆಯನ್ನು ಮಾವ ಹೊರಗಿನ ಒಂದು ಫಾರಂನಿಂದ ಕೊಂಡು ತಂದರು. ಬಿಳಿ ಮೈ, ಗುಲಾಬಿ ಕಿವಿ, ಗಾಂಭೀರ್ಯದಲ್ಲಿ ಈ ವೇದಿಕೆಯ ಮೇಲಿರುವ ಯಾರಿಗೂ ಕಡಿಮೆಯಿಲ್ಲ. ತಂದ ವಾರದಲ್ಲೇ ಮಂಡ್ಯದ ಜಾನುವಾರು ಪ್ರದರ್ಶನದಲ್ಲಿ ಅವನಿಗೆ ಮೊದಲ ಬಹುಮಾನ. ನಮ್ಮ ಕಡೆ ಬಹುಮಾನ ಬಂದ ಎತ್ತನ್ನೋ ಟಗರನ್ನೋ ಸುಮ್ಮನೆ ಮನೆಗೆ ಕರೆದುಕೊಂಡು ಬರುವ ಪದ್ಧತಿ ಇದೆಯೇ? ಇಲ್ಲ. ಮೆರವಣಿಗೆ ಆಗಬೇಕು. ಎತ್ತಿಗೆ ಮಾಡುತ್ತಾರೆ, ಟಗರಿಗೆ ಮಾಡುತ್ತಾರೆ, ಹಂದಿಗೆ ಯಾಕೆ ಇಲ್ಲ ಎಂದು ಮಾವ ಕೇಳಿದರು. ನ್ಯಾಯವಾದ ಪ್ರಶ್ನೆ. ನನಗೂ ಅಂದು ಕಣ್ಣು ಒದ್ದೆಯಾಗಿತ್ತು. ಫಾರಂ ಎಂದು ಮುಚ್ಚಿಟ್ಟದ್ದನ್ನು ಒಬ್ಬ ಮನುಷ್ಯ ಮೊದಲ ಬಾರಿಗೆ ಟ್ರ್ಯಾಕ್ಟರ್ ಮೇಲೆ ಹತ್ತಿಸಿ, ತಮಟೆ ಬಡಿಸಿಕೊಂಡು, ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಊರೂರು ತೋರಿಸಿಕೊಂಡು ಬಂದ. ಮಾವ, ಅವತ್ತು ನಿಮ್ಮ ಬಗ್ಗೆ ನನಗೆ ಎಷ್ಟು ಹೆಮ್ಮೆ ಎನ್ನಿಸಿತ್ತು ಎಂದು ನಿಮಗೆ ಯಾವತ್ತೂ ಹೇಳಿಲ್ಲ. ಈಗ ಹೇಳುತ್ತಿದ್ದೇನೆ, ಮುಂದೆ ಹೇಳಲಿರುವುದರ ಜೊತೆ ಇದನ್ನೂ ಇಟ್ಟುಕೊಳ್ಳಿ.

ಮಳವಳ್ಳಿಯಲ್ಲಿ ಕ್ರೇನು ತರಿಸಿ ದೊರೆಗೆ ಸೇಬಿನ ಹಾರ ಹಾಕಿದರು. ನಾಯಕರಿಗೆ ಹಾಕುವಂಥದ್ದೇ. ಆದರೆ ನಾಯಕರಿಗೂ ದೊರೆಗೂ ಒಂದು ವ್ಯತ್ಯಾಸ: ನಾಯಕರು ಹಾರವನ್ನು ಅಲ್ಲೇ ತಿನ್ನಲು ಶುರುಮಾಡುವುದಿಲ್ಲ. ದೊರೆ ಕೈಗೆಟುಕಿದ, ಅಲ್ಲ, ಬಾಯಿಗೆಟುಕಿದ ಸೇಬನ್ನೆಲ್ಲ ಅರ್ಧರ್ಧ ಕಚ್ಚಿ ಬಿಟ್ಟ. ಟ್ರ್ಯಾಕ್ಟರ್ ಪ್ರತಿ ಫಾರಂ ಮುಂದೆ ನಿಂತಿತು. ಪ್ರತಿ ಫಾರಂ ಮುಂದೆ ನೀವು ಆರತಿ ಎತ್ತಿದಿರಿ, ಫೋಟೋ ತೆಗೆಸಿಕೊಂಡಿರಿ. ಆಮೇಲೆ ಏನು ಮಾಡಿದಿರಿ? ದೊರೆ ಕಚ್ಚಿದ ಸೇಬನ್ನು ಹಾರದಿಂದ ಕಿತ್ತು, ಕಣ್ಣಿಗೊತ್ತಿಕೊಂಡು, ಒಳಗೆ ಹೋಗಿ ನಿಮ್ಮ ಹಂದಿಗಳಿಗೆ ತಿನ್ನಿಸಿದಿರಿ!

“ದೊರೆ ಎಂಜ್ಲು ತಿಂದ್ರೆ ದೊರೆ ತರನೇ ಬೆಳಿತವೆ ಕಣ್ಲಾ!”

ಯಾರು ಹೇಳಿದ್ದು ಎಂದು ಕೇಳುವುದಿಲ್ಲ. ಎಲ್ಲರೂ ಹೇಳಿದಿರಿ. ಎಡಗಡೆಯ ಮೂರನೆಯ ಸಾಲಿನವರು ಒಂದು ಸೇಬಿಗಾಗಿ ಬಲಗಡೆಯ ಸಾಲಿನವರ ಅಂಗಿ ಹರಿದದ್ದೂ ನನಗೆ ಗೊತ್ತು. ಸಭಿಕರೇ, ಹಂದಿ ಜ್ವರ ಹರಡುವುದು ಜೊಲ್ಲಿನಲ್ಲಿ. ಮೈಯಲ್ಲಿ ಹೊಕ್ಕ ಮೇಲೆ ಕೆಲವು ದಿನ ಹಂದಿ ನೋಡಲು ಚೆನ್ನಾಗಿಯೇ ಇರುತ್ತದೆ, ಬಹುಮಾನ ಕೂಡ ಗೆಲ್ಲುತ್ತದೆ. ಎರಡು ವಾರದಲ್ಲಿ ದೊರೆ ಸತ್ತ. ‘ಮತ್ತೆ ಹುಟ್ಟಿ ಬಾ ದೊರೆ’ ಎಂದು ಸಂಘದವರು ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿದಿರಿ. ಅವನು ಹೋಗಿರಲೇ ಇಲ್ಲ. ನಿಮ್ಮ ನಿಮ್ಮ ಗೂಡಿಗೆ ಒಂದೊಂದು ಪಾಲು ಬಂದಿದ್ದ.

ಗಲಾಟೆ ಬೇಡ. ಕುಳಿತುಕೊಳ್ಳಿ. ಸೇಬಿನಿಂದಲೇ ಬಂತು ಎಂದು ವೈರಸ್ಸಿನ ಸಾಲಿನಲ್ಲಿ ಬರೆದಿರುವುದಿಲ್ಲ, ಅದು ನಿಜ. ಅಲ್ಲಿ ಇರುವುದು ಇಷ್ಟು: ದೊರೆಯ ಗುಲ್ಮದಲ್ಲಿದ್ದ ತಪ್ಪುಗಳೇ ನಿಮ್ಮೆಲ್ಲರ ಹಂದಿಗಳಲ್ಲಿ. ಅವನನ್ನು ಕೊಂಡು ತಂದ ಫಾರಂನಲ್ಲಿ ಆಮೇಲೆ ಸತ್ತ ಹಂದಿಗಳಲ್ಲೂ ಅವೇ ತಪ್ಪುಗಳು. ಒಂದೇ ಕೊಂಬೆ, ಒಂದೇ ರೆಂಬೆ. ಉಳಿದದ್ದನ್ನು ನೀವೇ ಲೆಕ್ಕ ಹಾಕಿ. ಟ್ರ್ಯಾಕ್ಟರ್ ನಿಂತ ಮನೆಗಳಲ್ಲಿ ಹಂದಿ ಸತ್ತವು. ನಿಲ್ಲದ ಮನೆಯಲ್ಲಿ ಸಾಯಲಿಲ್ಲ.

ನಿಲ್ಲದ ಮನೆ ಯಾವುದು?

ಬೀರಮ್ಮ ಅವತ್ತು ನಾಲೆ ಏರಿಯ ದಾರಿ ಸೇರುವಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಒಗೆದ ಸೀರೆ ಉಟ್ಟಿದ್ದಳು. ನಾನು ಟ್ರ್ಯಾಕ್ಟರ್ ಹಿಂದೆ ಸ್ಕೂಟಿಯಲ್ಲಿ ಬರುತ್ತಿದ್ದೆ, ಕಣ್ಣಾರೆ ಕಂಡೆ. ಅವಳು ಸಂಘದ ಸದಸ್ಯೆಯಲ್ಲ, ಅವಳದ್ದು ಫಾರಂ ಅಲ್ಲ, ಅವಳ ಹಂದಿ ಕರಿ ಹಂದಿ. ಟ್ರ್ಯಾಕ್ಟರ್ ಅವಳ ಮುಂದೆ ಬಂದಾಗ ತುಸು ಜೋರಾಯಿತು, ತಮಟೆಯೂ ಜೋರಾಯಿತು, ದೀಪ ಗಾಳಿಗೆ ಆರಿತು. ಮೊನ್ನೆ ಅವಳನ್ನು ಕಂಡು ಈ ವಿಷಯ ಎತ್ತಿದೆ. ಅವಳು ಹೇಳಿದ್ದು:

“ಅವತ್ತು ದೊರೆ ನಮ್ ಬಾಗ್ಲಲ್ಲಿ ನಿಲ್ಲಿಲ್ವಲ್ಲಾ ಅಂತ ಒಳಕ್ಕೋಗಿ ಅತ್ತುಬುಟ್ಟೆ ಕಣವ್ವ. ಈಗ ಅನ್ಕತೀನಿ, ನಿಮ್ಮಾವುನ್ಗೆ ನಾವು ಕಾಣ್ದಿದ್ದೇ ವಾಸಿ ಆಯ್ತು. ಈಗ್ಲೂ ಕಾಣ್ದಂಗೆ ಇರ್ಬಾರ್ದಾ? ಈಗ್ಯಾಕೆ ಇಷ್ಟು ಚೆನ್ನಾಗಿ ಕಾಣ್ತಾವ್ನಿ?”

ಈ ಪ್ರಶ್ನೆಗೆ ಸಂಘದಲ್ಲಿ ಯಾರ ಬಳಿಯಾದರೂ ಉತ್ತರವಿದೆಯೇ? ಮೆರವಣಿಗೆ ನಿಲ್ಲಿಸುವಾಗ ಕಾಣದ ಹೆಂಗಸು ತಪ್ಪು ಹೊರಿಸುವಾಗ ಹೇಗೆ ಕಂಡಳು?

ಸತ್ಯವಾಗಿ ಹೇಳುತ್ತೇನೆ, ಮಾವನ ಮೇಲೆ ನನಗೆ ಕೋಪ ಇದಕ್ಕಲ್ಲ. ದೊರೆಗೆ ಜ್ವರವಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ದೊರೆ ಸಾಯುವಾಗ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವರು ಅವರು. ‘ಯಾಕೆ ಸತ್ತ ಅಂತ ತಿಳ್ಕೊ ಕಣವ್ವ’ ಎಂದು ಐಸ್ ಡಬ್ಬಿಯನ್ನು ತಾವೇ ಹೊತ್ತು ತಂದು ಕೊಟ್ಟವರೂ ಅವರೇ. ಗುಂಪಿನ ವರದಿಯಾದ ಮೇಲೆ ಕೊಂಬೆ ರೆಂಬೆಯನ್ನೂ ಬಿಡಿಸಿ ತಿಳಿದುಕೊಂಡೆ. ತಿಳಿದ ದಿನವೇ ಅವರ ಜಗುಲಿಯ ಮೇಲೆ ಕುಳಿತು, ಲ್ಯಾಪ್‌ಟಾಪಿನಲ್ಲಿ ಆ ಕೊಂಬೆ ರೆಂಬೆಯ ಚಿತ್ರ ತೋರಿಸಿದೆ. ಬೇರೆ ಯಾರಿಗೂ ತೋರಿಸುವ ಮೊದಲು. ಅವರು ಒಂದು ರೆಂಬೆಯ ಮೇಲೆ ಬೆರಳಿಟ್ಟರು.

“ಇದು ನಮ್ ದೊರೆದಾ?”

“ಹೂಂ ಮಾವ.”

“ಇವೆಲ್ಲ ಊರೋರ್ವಾ? ಇವ್ನ ಪಕ್ಕುಕ್ಕೇ ಅವಲ್ಲಾ.”

“ಹೂಂ.”

“ಬೀರಮ್ಮುಂದು ಎಲ್ಲವ್ವ?”

“ಅಗೋ, ಆ ಕಡೆ ಕೊಂಬೆ. ಬೇರೆನೇ.”

ಅವರು ಲ್ಯಾಪ್‌ಟಾಪನ್ನು ತಾವೇ ಮುಚ್ಚಿದರು. ಆಮೇಲೆ ಹೇಳಿದರು, “ಇದ ಇಲ್ಗೇ ಬುಟ್‌ಬುಡು ಕಣವ್ವ. ಜನ ಬಂದು ನಮ್ ಬಾಗ್ಲಲ್ಲಿ ನಿಂತ್ಕತಾರೆ. ಆವಮ್ಮ ಎಂಗೂ ಅನ್ನುಸ್ಕಂಡವ್ಳೆ, ಇನ್ನೊಸಿ ಅನ್ನುಸ್ಕಂಡ್ರೆ ಏನಾದದು?”

ಅದಾದ ಮಾರನೆಯ ದಿನ ಕಾರ್ಯದರ್ಶಿಗಳ ಫೋನು ಬಂತು: ಸಂಘ ನಿನಗೆ ಸನ್ಮಾನ ಮಾಡಬೇಕೆಂದು ತೀರ್ಮಾನಿಸಿದೆ.

ಸಭಿಕರೇ, ನಾನು ವಿಂಗಡಣೆ ಕಲಿತವಳು. ಸನ್ಮಾನಗಳಲ್ಲೂ ಗುಂಪುಗಳಿವೆ. ಇದು ಯಾವ ಗುಂಪಿನ ಸನ್ಮಾನ, ಎಲ್ಲಿಂದ ಹುಟ್ಟಿತು, ಯಾವುದರ ಪಕ್ಕದ ರೆಂಬೆ ಎಂದು ಗುರುತಿಸಲು ನನಗೆ ಲ್ಯಾಬು ಬೇಕಾಗಲಿಲ್ಲ. 

ಬಾಯಿ ಮುಚ್ಚಿಸಲು ಬಾಯಿಗೆ ಹಾರ ಹಾಕುವ ಗುಂಪು ಇದು. ಕುತ್ತಿಗೆಗೆ ಹಾಕಿದ್ದೀರಿ, ಸ್ವಲ್ಪ ಕೆಳಗಾಯಿತು. ಮಾವ, ಕಾಯಿಲೆ ತಂದದ್ದು ನಿಮ್ಮ ತಪ್ಪಲ್ಲ. ಗೊತ್ತಾದ ಮೇಲೂ ನಾಲೆ ಏರಿಯ ಕಡೆ ಕೈ ತೋರಿಸಿದ್ದು ನಿಮ್ಮ ತಪ್ಪು. ಇದನ್ನು ಜಗುಲಿಯಲ್ಲೇ ಹೇಳಿದೆ, ಫೋನಿನಲ್ಲಿ ಹೇಳಿದೆ, ಅತ್ತೆಯ ಕೈಲಿ ಹೇಳಿಸಿದೆ. ಉಳಿದದ್ದು ಮೈಕು.

ಆ ಕೈ ತೋರಿಸಿದ್ದರಿಂದ ಆದದ್ದೇನು? ಸರ್ಕಾರದ ಲಸಿಕೆ ಬಂತು. ಪಶುವೈದ್ಯೆ ಡಾ. ಅನು ಮನೆಮನೆಗೆ ಹೋಗಿ ನಿಮ್ಮ ಉಳಿದ ಹಂದಿಗಳಿಗೆಲ್ಲ ಚುಚ್ಚಿದರು. ನಾಲೆ ಏರಿಗೆ ಹೊರಟಾಗ ಸಂಘದ ಹುಡುಗರು ದಾರಿಗೆ ಬೈಕು ಅಡ್ಡ ನಿಲ್ಲಿಸಿದರು. ಮೊದಲ ಸಲ, “ಆವಮ್ಮುನ್ ಅಂದಿ ಮುಟ್ಟಿದ್ ಕೈಲಿ ನಮ್ ಅಂದಿ ಮುಟ್ಬ್ಯಾಡಿ, ಮೊದ್ಲು ನಮ್ದಾಗ್ಲಿ” ಎಂದರು. ನಿಮ್ಮದೆಲ್ಲ ಆಯಿತು. ಎರಡನೆಯ ಸಲ, “ನಿರ್ಣಯ ಆಗ್ಲಿ ಮೇಡಮ್, ಅದ್ಯಾಕೆ ಊರು ಬುಟ್ಟೋಗೋ ಅಂದೀಗೆ ಚುಚ್ಚೀರಿ” ಎಂದರು. ಸುತ್ತ ಎಲ್ಲ ಗೂಡುಗಳಲ್ಲೂ ವೈರಸ್ಸು ಓಡಾಡುತ್ತಿದೆ. ಜ್ವರ ಬಾರದೆ ಉಳಿದಿರುವುದು ಅವಳ ಹಂದಿಗಳು, ಲಸಿಕೆ ಇಲ್ಲದಿರುವುದೂ ಅವಳ ಹಂದಿಗಳು. ಇವತ್ತಲ್ಲ ನಾಳೆ ಅವಕ್ಕೂ ಬರುತ್ತದೆ. ಬಂದ ದಿನ ನೀವೇ ಹೇಳುತ್ತೀರಿ: ನೋಡಿದ್ರಾ, ನಾವ್ ಏಳ್ನಿಲ್ವಾ?

ಆಮೇಲೆ ಅವಳಿಗೆ ಏನುಳಿಯುತ್ತದೆ? ಗದ್ದೆಯಿಲ್ಲ. ಹಂದಿಯೇ ಅವಳ ಗದ್ದೆ.

ಹಿಂದಿನ ಸಾಲಿನಲ್ಲಿ ಯಾರೋ ‘ಸಾಕು ನಿಲ್ಸವ್ವ, ಸಾರು ಆರೋಯ್ತದೆ’ ಎಂದಂತಾಯಿತು. ನಿಲ್ಲಿಸುತ್ತೇನೆ. ಒಂದು ನಿಮಿಷ. ಕ್ಷಮಿಸಿ, ಫೋನು ನೋಡುತ್ತಿದ್ದೇನೆ. ವೇದಿಕೆಯ ಮೇಲೆ ಫೋನು ನೋಡುವುದು ಸಭಾಮರ್ಯಾದೆಯಲ್ಲ, ಬಲ್ಲೆ. ಆದರೆ ಇದು ಸಭೆಗೆ ಸಂಬಂಧಪಟ್ಟದ್ದೇ. ಡಾ. ಅನು ಕಳಿಸಿರುವ ಸಂದೇಶ, ಓದಿಬಿಡುತ್ತೇನೆ: ‘ಎಲ್ಲಾ ಮುಗೀತು. ಕೊನೇ ಹೆಣ್ಣು ಹಂದಿ ನಾಲೆಗೆ ಹಾರಿತ್ತು, ಬೀರಮ್ಮ ಹಿಂದೇನೇ ಹಾರಿ ಹಿಡಕೊಂಡ್ರು. ಇಬ್ರೂ ಒದ್ದೆ. ಚುಚ್ಚಿದೀನಿ.’

ಅರ್ಥವಾಗಲಿಲ್ಲವೇ? ಎಷ್ಟು ಸಾರಿ ಹೇಳಲಿ! ನಾಲೆ ಏರಿಯ ದಾರಿಗೆ ಬೈಕು ಅಡ್ಡ ನಿಲ್ಲಿಸಿದ ಹುಡುಗರೆಲ್ಲ ಇಷ್ಟು ಹೊತ್ತು ಇಲ್ಲೇ ಕುಳಿತಿದ್ದೀರಿ. ಮಾವನ ಮಗ ಅಪ್ಪುವೇ ನನಗೆ ಪೇಟ ತೊಡಿಸಬೇಕು, ಅವನ ಸ್ನೇಹಿತರೆಲ್ಲ ಬರಲೇಬೇಕು, ಇಲ್ಲದಿದ್ದರೆ ಸನ್ಮಾನವೇ ಬೇಡ ಎಂದು ನಾನು ಹಠ ಹಿಡಿದದ್ದನ್ನು ಪ್ರೀತಿ ಎಂದುಕೊಂಡಿರಿ. ಅಪ್ಪು, ಈಗ ಬೈಕು ತೆಗೆದುಕೊಂಡು ಓಡಿ ಪ್ರಯೋಜನವಿಲ್ಲ, ಕುಳಿತುಕೊ. ಡಾ. ಅನು ಬೇರೆ ಬಟ್ಟೆ ಹಾಕಿಕೊಂಡು, ಬೇರೆ ಸೂಜಿ ತೆಗೆದುಕೊಂಡು, ಕಾಲು ತೊಳೆದು ಹೋಗಿದ್ದಾರೆ. ನಿಮ್ಮ ಹಂದಿಗಳ ಜ್ವರ ಬೀರಮ್ಮನ ಹಂದಿಗೆ ಹತ್ತಬಾರದಲ್ಲ. ಅಷ್ಟು ಹಂದಿಗಳನ್ನು ಹಿಡಿದು ಚುಚ್ಚಲು ಹೊತ್ತು ಬೇಕು. ಆ ಹೊತ್ತನ್ನು ನೀವು ಕೊಟ್ಟಿರಿ. ಇಷ್ಟು ತಾಳ್ಮೆಯಿಂದ ಯಾವ ಸಭೆಯೂ ಯಾವ ವಿದ್ಯಾರ್ಥಿನಿಯ ಭಾಷಣವನ್ನೂ ಕೇಳಿರಲಾರದು.

ಇನ್ನು ನಿರ್ಣಯ. ಪತ್ರಿಕೆಯಲ್ಲಿ ಅಚ್ಚಾಗಿದೆ, ಮಂಡಿಸುವುದಿದ್ದರೆ ಮಂಡಿಸಿ. ಕೈ ಎತ್ತುವವರು ಎತ್ತಿ. ಎತ್ತುವ ಮೊದಲು ಆ ಕೈಯಲ್ಲಿ ಅವತ್ತು ಸೇಬು ಇತ್ತೋ ಇಲ್ಲವೋ ಎಂದು ಒಮ್ಮೆ ನೆನೆದುಕೊಳ್ಳಿ. ಲಸಿಕೆ ಮಾತ್ರ ಹಂದಿಯ ಮೈ ಸೇರಿಯಾಗಿದೆ. ಅದನ್ನು ವಾಪಸ್ಸು ಸೂಜಿಗೆ ತುಂಬುವ ನಿರ್ಣಯ ಯಾವ ಸಂಘದ ಕೈಲೂ ಆಗುವುದಿಲ್ಲ.

ಮಾವ ಎದ್ದು ನಿಂತಿದ್ದಾರೆ. ಬೈಯಲೋ, ನಿರ್ಣಯ ಓದಲೋ, ನಾಲೆ ಏರಿಗೆ ಹೋಗಲೋ ನನಗೆ ಗೊತ್ತಿಲ್ಲ. ಮೂರಕ್ಕೂ ಮೈಕು ಬಿಟ್ಟುಕೊಡುತ್ತೇನೆ. ಮಾವ, ಮೂರನೆಯದಾದರೆ ನನ್ನ ಸ್ಕೂಟಿ ಹೊರಗಿದೆ, ಬೀಗ ಹಾಕಿಲ್ಲ.

ಶಾಲಿಗೂ, ಪೇಟಕ್ಕೂ, ಸಾರು ಆರುವವರೆಗೆ ಕದಲದೆ ಕುಳಿತ ನಿಮಗೂ, ಮನೆಗೆ ಹೋದ ಮೇಲೆ ಕೈಗೆ ಪೊರಕೆ ತೆಗೆದುಕೊಳ್ಳಲಿರುವ ನನ್ನ ತಾಯಿಗೂ ವಂದನೆಗಳು. ನಮಸ್ಕಾರ.